ಹತ್ತನೇ ತರಗತಿಯ ಮಗಳು, ಓದಿಸಲು ಬರದ ತಾಯಿ: ಮಾರ್ಚ್‌ವರೆಗೆ ಮನೆಯಲ್ಲಿ ಏನು ಮಾಡಬಹುದು?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಹಳ್ಳಿ. ಮಗಳು ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಹತ್ತನೇ ತರಗತಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 19, ವಿಜ್ಞಾನಕ್ಕೆ 27 ಬಂದಾವೆ. ಕನ್ನಡ, ಸಮಾಜ ಪರವಾಗಿಲ್ಲ. ನಾನು ಐದನೇ ತರಗತಿಗೆ ಶಾಲೆ ಬಿಟ್ಟವಳು, ಹೇಳಿಕೊಡಲು ಬರುವುದಿಲ್ಲ. ಅವರಪ್ಪ ಸಿಟ್ಟಿಗೆದ್ದು ‘ಫೇಲಾದರೆ ಲಗ್ನ ಮಾಡಿಬಿಡ್ತೀನಿ’ ಅಂತಾರೆ. ಅವಳು ಮಾತೇ ಕಡಿಮೆ ಮಾಡಿದಾಳೆ, ಮೊಬೈಲ್ ಹಿಡಿದರೆ ಬಿಡುವುದಿಲ್ಲ. ಹತ್ತಿ ಬಿಡಿಸುವ ಕಾಲ ಬೇರೆ ಬಂತು. ಮಾನ್ವಿಯಲ್ಲಿ ಟ್ಯೂಷನ್‌ಗೆ ಹಾಕಲೇ? ನಾನು ಏನು ಮಾಡಲಿ?

ಉತ್ತರ: ತಾಯಿ, ಪಾಠ ಹೇಳಿಕೊಡಲು ಬರುವುದಿಲ್ಲ ಎಂದು ನೀವು ಕೊರಗಬೇಕಿಲ್ಲ. ಪಾಠಕ್ಕೆ ಶಾಲೆಯಲ್ಲಿ ಶಿಕ್ಷಕರಿದ್ದಾರೆ. ಮನೆಯವರ ಕೈಯಲ್ಲಿ ಮಾತ್ರ ಇರುವಂಥದ್ದು ಮಗಳ ಸಮಯ. ನಮ್ಮ ಭಾಗದ ಹಳ್ಳಿಗಳಲ್ಲಿ ಹತ್ತನೇ ತರಗತಿಯ ಎಷ್ಟೋ ಹೆಣ್ಣುಮಕ್ಕಳು ಹಿಂದೆ ಬೀಳುವುದು ಬುದ್ಧಿ ಸಾಲದೆ ಅಲ್ಲ, ಓದಲು ಬಿಡುವು ಸಾಲದೆ. ನೀರು, ಕಸ, ರೊಟ್ಟಿ, ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು, ನಡುವೆ ಒಂದು ದಿನ ಹೊಲ. ಇದರಲ್ಲಿ ಉಳಿದದ್ದು ಓದಿಗೆ. ಈ ನಾಲ್ಕು ತಿಂಗಳು ಆ ಲೆಕ್ಕ ತಿರುಗಬೇಕು. ಓದಿಗೆ ಮೊದಲು ಎತ್ತಿಟ್ಟು, ಉಳಿದದ್ದು ಕೆಲಸಕ್ಕೆ.

ಒಂದು ದಿನ ಅವಳ ಜೊತೆ ಕೂತು, ಏಳುವುದರಿಂದ ಮಲಗುವವರೆಗೆ ಯಾವ ತಾಸು ಎಲ್ಲಿ ಹೋಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಸಿ. ಗದರಲು ಅಲ್ಲ, ನೋಡಲು. ಸಂಜೆ ಎರಡು ತಾಸು, ಬೆಳಿಗ್ಗೆ ಒಂದು ತಾಸು, ಯಾರೂ ಅವಳ ಹೆಸರು ಹಿಡಿದು ಕರೆಯದ ಹೊತ್ತು ಸಿಗಬೇಕು. ‘ಸ್ವಲ್ಪ ಅನ್ನಕ್ಕೆ ಎಸರು ಇಟ್ಟು ಹೋಗು’ ಎಂದು ನಡುವೆ ಎಬ್ಬಿಸಿದರೆ ಹೋಗುವುದು ಐದು ನಿಮಿಷವಲ್ಲ. ಅರ್ಧಕ್ಕೆ ಬಿಟ್ಟ ಲೆಕ್ಕವನ್ನು ಮತ್ತೆ ಮೊದಲಿಂದ ಹಿಡಿಯಬೇಕಾಗುತ್ತದೆ. ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವ ಕೆಲಸ ಅವಳದಾಗಿದ್ದರೆ, ವಾರಕ್ಕೆ ಎರಡು ದಿನ ನೀವೇ ಕೂತು ಖಡಕ್ ರೊಟ್ಟಿ ಮಾಡಿಟ್ಟುಬಿಡಿ. ಅಷ್ಟರಿಂದಲೇ ಬೆಳಗಿನ ಮುಕ್ಕಾಲು ತಾಸು ಉಳಿಯುತ್ತದೆ. ಮನೆಯಲ್ಲಿ ಗಂಡುಮಗ ಇದ್ದರೆ ನೀರು ತರುವುದು ಅವನ ಪಾಲಿಗೆ ಬರಲಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳಲ್ಲಿ ದಾರ ಕತ್ತರಿಸುವ ಕೆಲಸ ಹೀಗೇ ಮಕ್ಕಳ ಸಂಜೆಯನ್ನು ತಿನ್ನುತ್ತದೆ. ಕೆಲಸ ಯಾವುದೇ ಇರಲಿ, ಇಷ್ಟು ತಿಂಗಳು ಹತ್ತನೇ ತರಗತಿಯ ಕೂಸನ್ನು ಅದರಿಂದ ಬಿಡಿಸಿಡಿ.

ಹತ್ತಿಯ ವಿಚಾರ. ಕೂಲಿ ಆಳು ಸಿಗದ ಕಾಲದಲ್ಲಿ ಮಗಳ ಎರಡು ಕೈ ದೊಡ್ಡ ಆಸರೆ ಎಂಬುದು ಸುಳ್ಳಲ್ಲ. ಆದರೆ ಶಾಲೆ ಇರುವ ದಿನ ಅವಳನ್ನು ಹೊಲಕ್ಕೆ ಕರೆಯಬೇಡಿ. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು, ಅದು ಒಂದು. ಅದಕ್ಕಿಂತ ದೊಡ್ಡದು ಗಣಿತ. ಸಮಾಂತರ ಶ್ರೇಢಿಯ ಪಾಠ ಶುರುವಾದ ದಿನ ತಪ್ಪಿದ ಹುಡುಗಿಗೆ ಮುಂದಿನ ಮೂರು ದಿನ ಹಲಗೆ ಮೇಲೆ ಬರೆದದ್ದು ಕಾಣುತ್ತದೆ, ತಿಳಿಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಶಾಲೆಗಳು ಪಾಠ ಮುಗಿಸಿ ಪುನರಾವರ್ತನೆಗೆ ಇಳಿಯುತ್ತವೆ, ಹತ್ತಿ ಬಿಡಿಸುವುದೂ ಮೆಣಸಿನಕಾಯಿ ಹರಿಯುವುದೂ ಅದೇ ಹೊತ್ತಿಗೆ ಬರುತ್ತವೆ. ಬೇಸಿಗೆಗೆ ನೀವು ಬೆಂಗಳೂರಿಗೆ ಗುಳೆ ಹೋಗುವವರಾದರೆ ಮಗಳನ್ನು ಮನೆಯ ಅಜ್ಜಿಯ ಜೊತೆ ಬಿಟ್ಟು ಹೋಗುವ ಮೊದಲು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್-ಪೂರ್ವ ಹಾಸ್ಟೆಲಿನಲ್ಲಿ ಜಾಗ ಇದೆಯೇ ಎಂದು ಮುಖ್ಯೋಪಾಧ್ಯಾಯರ ಮೂಲಕ ಕೇಳಿಸಿ. ಇಲ್ಲವಾದರೆ ತಂದೆ-ತಾಯಿಯಲ್ಲಿ ಒಬ್ಬರಾದರೂ ಏಪ್ರಿಲ್ ಮೊದಲ ವಾರದವರೆಗೆ ಊರಲ್ಲಿ ಉಳಿಯಿರಿ.

ಈಗ ಆ 19 ಅಂಕಕ್ಕೆ ಬರೋಣ. ಅಂಕ ನೋಡಿ ‘ಗಣಿತ ಬರುವುದಿಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಉತ್ತರಪತ್ರಿಕೆಯನ್ನು ಮನೆಗೆ ತರಿಸಿ. ಲೆಕ್ಕ ಗೊತ್ತಿಲ್ಲದಿದ್ದರೂ ನೀವು ಎಣಿಸಬಲ್ಲಿರಿ: ಖಾಲಿ ಬಿಟ್ಟ ಪ್ರಶ್ನೆ ಎಷ್ಟು, ಅರ್ಧಕ್ಕೆ ನಿಂತದ್ದು ಎಷ್ಟು, ಪೂರ್ತಿ ಬರೆದೂ ತಪ್ಪಾದದ್ದು ಎಷ್ಟು. ಖಾಲಿ ಹೆಚ್ಚಿದ್ದರೆ ಪಾಠವೇ ತಲೆಗೆ ಹೋಗಿಲ್ಲ, ಇಲ್ಲವೇ ಸಮಯ ಸಾಲಲಿಲ್ಲ. ಕೊನೆಯ ಪುಟಗಳಷ್ಟೇ ಖಾಲಿಯಿದ್ದರೆ ಸಮಯದ ತೊಂದರೆ ಎಂದು ತಿಳಿಯಿರಿ. ಅರ್ಧಕ್ಕೆ ನಿಂತದ್ದು ಹೆಚ್ಚಿದ್ದರೆ ಸೂತ್ರ ಗೊತ್ತಿದೆ, ಮುಂದೆ ಗುಣಾಕಾರ, ಭಿನ್ನರಾಶಿ, ಋಣ-ಧನ ಚಿಹ್ನೆ ಕೈಕೊಟ್ಟಿವೆ. ಹತ್ತನೇ ತರಗತಿಯಲ್ಲಿ ಗಣಿತ ಸೋಲುವ ಮಕ್ಕಳಲ್ಲಿ ಬಹಳ ಮಂದಿ ನಿಜವಾಗಿ ಸೋತಿರುವುದು ಆರನೇ, ಏಳನೇ ತರಗತಿಯ ಲೆಕ್ಕಕ್ಕೆ. 20ರವರೆಗಿನ ಮಗ್ಗಿ ತಡವರಿಸದೆ ಬರುತ್ತದೆಯೇ ಎಂದು ಇವತ್ತೇ ಕೇಳಿ ನೋಡಿ. ಬಾರದಿದ್ದರೆ ಮೂರು ವಾರ, ದಿನಕ್ಕೆ ಹದಿನೈದು ನಿಮಿಷ, ಮಗ್ಗಿ ಮತ್ತು ಭಿನ್ನರಾಶಿ ಕೂಡಿಸುವುದು-ಕಳೆಯುವುದು. ನಾಚಿಕೆ ಪಡುವ ಕೆಲಸವಲ್ಲ ಅದು.

ಆ ಎಣಿಕೆ ಕೈಯಲ್ಲಿಟ್ಟುಕೊಂಡು ಗಣಿತದ ಮೇಷ್ಟ್ರನ್ನು ಕಾಣಿರಿ. ‘ಹೆಂಗ ಓದ್ತಾಳ್ರಿ ಸರ್?’ ಎಂದು ಕೇಳಿದರೆ ‘ಇನ್ನೂ ಓದಬೇಕಮ್ಮ’ ಎಂಬ ಉತ್ತರ ಬರುತ್ತದೆ. ‘ಸರ್, ಇವಳು ಮೊದಲು ಹಿಡಿಯಬೇಕಾದ ನಾಲ್ಕು ಪಾಠ ಯಾವುವು? ಹದಿನೈದು ದಿನ ಬಿಟ್ಟು ಬರ್ತೀನಿ, ಆ ಪಾಠದ ಒಂದು ಸಣ್ಣ ಟೆಸ್ಟ್ ತಗೊಂಡು ತೋರಿಸ್ತೀರಾ?’ ಎಂದು ಕೇಳಿ. ನಿರ್ದಿಷ್ಟವಾಗಿ ಕೇಳುವ ಪಾಲಕರ ಮಗುವಿನ ಮೇಲೆ ಶಿಕ್ಷಕರ ಕಣ್ಣು ಇದ್ದೇ ಇರುತ್ತದೆ.

ಪ್ರಶ್ನೆಪತ್ರಿಕೆಯ ಹೊಂದಿಕೆ ಗೊತ್ತಿದ್ದರೆ ಆ ಮಾತುಕತೆ ಸುಲಭ. ಇತ್ತೀಚಿನ ವರ್ಷಗಳ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ. ಒಂದು ಅಂಕದವು 16 (ಅದರಲ್ಲಿ 8 ಬಹು ಆಯ್ಕೆ), ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು 1. ಅಂದರೆ ಒಂದು ಮತ್ತು ಎರಡು ಅಂಕದ ಪ್ರಶ್ನೆಗಳಲ್ಲೇ 32 ಅಂಕ ಕೂತಿವೆ. 19ರಲ್ಲಿ ನಿಂತ ಹುಡುಗಿ ಐದು ಅಂಕದ ಪ್ರಶ್ನೆಯ ಹಿಂದೆ ಬೀಳಬಾರದು. ಈ 32ರಲ್ಲಿ ಇಪ್ಪತ್ತರಷ್ಟು ಗಟ್ಟಿ ಮಾಡಿಕೊಂಡು, ಮೇಲೆ ಖಚಿತವಾಗಿ ಬರುವಂಥ ಮೂರು-ನಾಲ್ಕು ದೊಡ್ಡ ಪ್ರಶ್ನೆ ಸೇರಿಸಿಕೊಳ್ಳಬೇಕು. ಎರಡು ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವುದು ಅಂಥ ಪ್ರಶ್ನೆ. ಕೋಷ್ಟಕಕ್ಕೆ, ಬಿಂದು ಗುರುತಿಸಿದ್ದಕ್ಕೆ, ಗೆರೆ ಎಳೆದದ್ದಕ್ಕೆ, ಗೆರೆಗಳು ಕೂಡುವ ಬಿಂದುವನ್ನು ಬರೆದದ್ದಕ್ಕೆ ಹಂತ ಹಂತವಾಗಿ ಅಂಕ ಬರುತ್ತದೆ. ಮಕ್ಕಳು ಇಲ್ಲಿ ಕಳೆದುಕೊಳ್ಳುವುದು ಋಣ ಸಂಖ್ಯೆಯನ್ನು ಎಡಕ್ಕೆ ಬದಲು ಬಲಕ್ಕೆ ಇಟ್ಟು, ಇಲ್ಲವೇ ಕೊನೆಯಲ್ಲಿ x ಎಷ್ಟು, y ಎಷ್ಟು ಎಂದು ಬರೆಯುವುದನ್ನೇ ಮರೆತು. ಸರಾಸರಿ, ಮಧ್ಯಾಂಕ, ಬಹುಲಕದ ಲೆಕ್ಕವೂ ಹಾಗೇ, ಕ್ರಮ ಒಮ್ಮೆ ಕೂತರೆ ಸಂಖ್ಯೆ ಮಾತ್ರ ಬದಲು. ಸಂಭವನೀಯತೆ, ಸಮಾಂತರ ಶ್ರೇಢಿ, ಎರಡು ಬಿಂದುಗಳ ನಡುವಿನ ದೂರದ ಸೂತ್ರ, ವರ್ಗ ಸಮೀಕರಣವನ್ನು ಸೂತ್ರದಿಂದ ಬಿಡಿಸುವುದು, ಇವು ನಂತರ. ತ್ರಿಕೋನಮಿತಿಯ ಕೋಷ್ಟಕ (0, 30, 45, 60, 90 ಡಿಗ್ರಿ) ದಿನಾ ಒಮ್ಮೆ ನೋಡದೆ ಬರೆಯಲಿ, ಅದೊಂದೇ ಒಂದೆರಡು ಸಣ್ಣ ಪ್ರಶ್ನೆಗೆ ಬಾಗಿಲು ತೆರೆಯುತ್ತದೆ.

ವಿಜ್ಞಾನಕ್ಕೆ ಚಿತ್ರ. ಹೃದಯ, ಮಿದುಳು, ಹೂವಿನ ಸೀಳುನೋಟ, ಮಸೂರ ಮತ್ತು ದರ್ಪಣದ ಕಿರಣಚಿತ್ರಗಳು, ಪಠ್ಯದಲ್ಲಿರುವ ಪ್ರಯೋಗದ ಜೋಡಣೆಗಳು. ವಾರಕ್ಕೆ ಮೂರು, ಪುಸ್ತಕ ಮುಚ್ಚಿ, ಪೆನ್ಸಿಲಿನಲ್ಲಿ. ಕಿರಣಚಿತ್ರಕ್ಕೆ ಬಾಣದ ಗುರುತು ಹಾಕದೆ, ಭಾಗಗಳ ಹೆಸರಿನ ಗೆರೆ ಭಾಗಕ್ಕೆ ಮುಟ್ಟದೆ ಅಂಕ ಹೋಗುತ್ತದೆ. ರಾಸಾಯನಿಕ ಸಮೀಕರಣ ಸರಿದೂಗಿಸುವುದು, ಓಮನ ನಿಯಮದ ಲೆಕ್ಕ, ರೋಧಕಗಳ ಸರಣಿ-ಸಮಾಂತರ ಜೋಡಣೆ, ಇವೂ ಅಭ್ಯಾಸದಿಂದಲೇ ಬರುವಂಥವು.

ಶಾಲೆಯವರು ‘ಪಾಸಿಂಗ್ ಪ್ಯಾಕೇಜ್’ ಎಂದು ಕೊಡುವ ಸಣ್ಣ ನೋಟ್ಸ್ ನಿಮ್ಮ ಮಗಳಿಗೆ ಒಳ್ಳೆಯ ಆರಂಭವೇ. ಅದನ್ನು ಉರುಹೊಡೆದು ನಿಲ್ಲಿಸಿದರೆ ಮಾತ್ರ ಅಪಾಯ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈ ಕಟ್ಟಿದಂತಾಗುತ್ತದೆ. ಡಿಸೆಂಬರ್ ಕೊನೆಗೆ ಅದು ಮುಗಿದಿರಲಿ. ಜನವರಿಯಿಂದ ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಸಿಗುವ ಮಾದರಿ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳನ್ನು, ವಾರಕ್ಕೊಂದು, ಪೂರ್ತಿ ಮೂರು ತಾಸು ಕೂತು ಬರೆಯಬೇಕು. ಗಡಿಯಾರ ನೋಡುವ ಕೆಲಸ ನಿಮ್ಮದು.

ಅವಳು ಓದುವ ರೀತಿಯನ್ನೂ ಗಮನಿಸಿ. ಅದೇ ಪುಟವನ್ನು ಹತ್ತು ಸಲ ಓದಿದರೆ ಕಣ್ಣಿಗೆ ಪರಿಚಯವಾಗುತ್ತದೆ, ಬಂದಂತೆ ಅನಿಸುತ್ತದೆ, ಪರೀಕ್ಷೆಯಲ್ಲಿ ನೆನಪಾಗುವುದಿಲ್ಲ. ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಹಾಳೆಯಲ್ಲಿ ಬರೆದು, ಆಮೇಲೆ ತೆರೆದು ತಪ್ಪಿದ್ದನ್ನು ನೋಡಿಕೊಳ್ಳಬೇಕು. ಅದೇ ವಿಷಯವನ್ನು ಮೂರು ದಿನದ ಮೇಲೆ ಒಮ್ಮೆ, ವಾರದ ಮೇಲೆ ಒಮ್ಮೆ ಮತ್ತೆ ಹೀಗೇ. ಇಲ್ಲಿ ನೀವು ನಿಜವಾಗಿ ನೆರವಾಗಬಹುದು. ರಾತ್ರಿ ಊಟದ ಮೇಲೆ ಪುಸ್ತಕ ನಿಮ್ಮ ಕೈಲಿರಲಿ, ‘ಇವತ್ತು ಓದಿದ್ದನ್ನು ನನಗೆ ತಿಳಿಯೋ ಹಂಗ ಹೇಳವ್ವ’ ಎನ್ನಿ. ನಿಮಗೆ ವಿಷಯ ಗೊತ್ತಿಲ್ಲದ್ದೇ ಒಳ್ಳೆಯದು, ಅವಳು ಬಿಡಿಸಿ ಹೇಳಲೇಬೇಕಾಗುತ್ತದೆ, ಎಲ್ಲಿ ತಡವರಿಸುತ್ತಾಳೋ ಅಲ್ಲೇ ಮತ್ತೆ ಓದಬೇಕಾದ್ದಿದೆ. ಗಣಿತದಲ್ಲಿ ಗೈಡ್ ನೋಡಿ ಬಿಡಿಸಿದ ಲೆಕ್ಕ ಲೆಕ್ಕಕ್ಕಿಲ್ಲ. ದಿನಕ್ಕೆ ಆರು ಲೆಕ್ಕ ಸಾಕು, ಆರೂ ನೋಡದೆ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಕಳವಳ ತಂದದ್ದು ಅಂಕವಲ್ಲ, ಆ ಲಗ್ನದ ಮಾತು. ಅವರು ಹೆದರಿಸಿದರೆ ಓದುತ್ತಾಳೆಂದು ಹೇಳಿರಬಹುದು. ಮಗಳ ಕಿವಿಗೆ ಅದು ಹಾಗೆ ಬೀಳುವುದಿಲ್ಲ. ‘ಒಂದು ಪರೀಕ್ಷೆ ಕೆಟ್ಟರೆ ನನ್ನ ಬಾಳು ಇಲ್ಲಿಗೆ ಮುಗೀತು’ ಎಂದೇ ಕೇಳಿಸುತ್ತದೆ. ಹೆದರಿಕೆ ತುಂಬಿದ ತಲೆ ಲೆಕ್ಕದ ಹಂತಗಳನ್ನು ಹಿಡಿದಿಟ್ಟುಕೊಳ್ಳಲಾರದು, ಪುಸ್ತಕ ತೆರೆದಾಗಲೆಲ್ಲ ಆ ಮಾತೇ ಎದುರಿಗೆ ಬಂದು ನಿಲ್ಲುತ್ತದೆ. ಅವಳು ಮಾತು ಬಿಟ್ಟದ್ದಕ್ಕೂ ಮೊಬೈಲಿನಲ್ಲಿ ಮುಳುಗುವುದಕ್ಕೂ ಇದೇ ಕಾರಣವಿರಬಹುದು. ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ, ಮಾಡಿಸಿದವರಿಗೂ ಅದರಲ್ಲಿ ಪಾಲ್ಗೊಂಡವರಿಗೂ ಶಿಕ್ಷೆಯಿದೆ. ಇದನ್ನು ಅವರಪ್ಪನಿಗೆ ಜಗಳದ ಹೊತ್ತಿನಲ್ಲಲ್ಲ, ಅವರು ಸಮಾಧಾನವಾಗಿ ಕೂತಾಗ ಹೇಳಿ. ನಿಮ್ಮ ಮಾತು ನಡೆಯದಿದ್ದರೆ ಅವರು ಮರ್ಯಾದೆ ಕೊಡುವ ಮೇಷ್ಟ್ರಿಂದಲೋ ಸೋದರಮಾವನಿಂದಲೋ ಹೇಳಿಸಿ. ಆಮೇಲೆ ಅವರೇ ಮಗಳನ್ನು ಕರೆದು, ‘ಆ ಮಾತು ಬಿಟ್ಟುಬಿಡವ್ವ, ಎಷ್ಟೇ ಅಂಕ ಬಂದರೂ ನೀನು ಮುಂದ ಓದ್ತಿ’ ಎಂದು ಬಾಯಿಬಿಟ್ಟು ಹೇಳಬೇಕು. ಸುಮ್ಮನಾದರೆ ಸಾಲದು, ಹೇಳಿದ ಮಾತನ್ನು ಹೇಳಿದವರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಪಕ್ಕದ ಮನೆ ಹುಡುಗಿಯ ಅಂಕದ ಮಾತೂ ಮನೆಯಲ್ಲಿ ಬೇಡ.

ಅವಳು ಎರಡು ವಾರಕ್ಕೂ ಹೆಚ್ಚು ಸರಿಯಾಗಿ ನಿದ್ದೆ ಮಾಡದಿದ್ದರೆ, ಊಟ ಬಿಟ್ಟರೆ, ಗೆಳತಿಯರನ್ನೂ ದೂರವಿಟ್ಟರೆ, ‘ನಾನು ಇರೋದೇ ಬ್ಯಾಡ’ ಎಂಬಂಥ ಮಾತು ಒಮ್ಮೆ ಆಡಿದರೂ, ಅದನ್ನು ನಾಟಕ ಎನ್ನಬೇಡಿ. ಒಬ್ಬಳನ್ನೇ ಬಿಡದೆ ಜೊತೆಗಿರಿ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರ್ ಮಗಳಿಗೂ ಗೊತ್ತಿರಲಿ.

ಮೊಬೈಲನ್ನು ಪೂರ್ತಿ ಕಸಿದುಕೊಳ್ಳಲು ಆಗುವುದಿಲ್ಲ, ಶಾಲೆಯ ನೋಟ್ಸ್ ವಾಟ್ಸಾಪಿನಲ್ಲೇ ಬರುತ್ತವೆ. ಸಂಜೆ ಅರ್ಧ ತಾಸು ನಿಗದಿ ಮಾಡಿ. ಆ ಹೊತ್ತಿನಲ್ಲಿ ಬಂದ ನೋಟ್ಸನ್ನು ವಹಿಯಲ್ಲಿ ಬರೆದುಕೊಳ್ಳಲಿ, ತಿಳಿಯದ ಲೆಕ್ಕದ ವಿಡಿಯೊ ಒಂದು ನೋಡಲಿ, ನೋಡಿದ ಮೇಲೆ ಅದೇ ಜಾತಿಯ ಮೂರು ಲೆಕ್ಕ ತಾನೇ ಬಿಡಿಸಲಿ. ವಿಡಿಯೊ ನೋಡುವಾಗ ಎಲ್ಲಾ ತಿಳಿದಂತೆಯೇ ಅನಿಸುತ್ತದೆ, ಕೈಯಲ್ಲಿ ಪೆನ್ನು ಹಿಡಿದಾಗಲೇ ನಿಜ ಗೊತ್ತಾಗುವುದು. ಓದುವಾಗ ಫೋನ್ ಸೈಲೆಂಟಿನಲ್ಲಿದ್ದರೂ ಪಕ್ಕದಲ್ಲಿ ಬೇಡ, ಬೇರೆ ಕೋಣೆಯಲ್ಲಿರಲಿ. ರಾತ್ರಿ ಒಂಬತ್ತಕ್ಕೆ ಮನೆಯ ಎಲ್ಲ ಫೋನೂ ಒಂದೇ ಕಡೆ ಚಾರ್ಜಿಗೆ ಬೀಳಲಿ, ಅಪ್ಪನದೂ ಸೇರಿ. ಅಪ್ಪ ರೀಲ್ಸ್ ನೋಡುತ್ತ ಮಗಳಿಗೆ ಬುದ್ಧಿ ಹೇಳಿದರೆ ಅದು ನಾಟುವುದಿಲ್ಲ.

ಟ್ಯೂಷನ್? ನಿಮ್ಮ ಸಂದರ್ಭದಲ್ಲಿ ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಬಸ್ಸಿಗೆ ಕಾಯುವುದು, ಹೋಗುವುದು, ಬರುವುದು ಸೇರಿ ದಿನಕ್ಕೆ ಒಂದೂವರೆ ತಾಸು ಹೋದರೆ, ನಾವು ಕಷ್ಟಪಟ್ಟು ಉಳಿಸಿದ ಸಮಯವೇ ಅಲ್ಲಿ ಖರ್ಚು. ಐವತ್ತು ಮಕ್ಕಳ ಬ್ಯಾಚಿನಲ್ಲಿ ಮಗ್ಗಿ ತಪ್ಪುವ ಹುಡುಗಿಯನ್ನು ಯಾರೂ ಗುರುತಿಸುವುದಿಲ್ಲ. ಶಾಲೆಯಲ್ಲೇ ಬೆಳಿಗ್ಗೆ, ಸಂಜೆ ವಿಶೇಷ ತರಗತಿ ನಡೆಸುತ್ತಿದ್ದರೆ ಅದನ್ನು ಒಂದೂ ತಪ್ಪಿಸದಂತೆ ನೋಡಿಕೊಳ್ಳಿ. ಊರಲ್ಲೇ ಪಿಯುಸಿ ವಿಜ್ಞಾನ ಅಥವಾ ಡಿಪ್ಲೊಮಾ ಓದುವ ಅಕ್ಕ ಯಾರಾದರೂ ಇದ್ದರೆ, ವಾರಕ್ಕೆ ಮೂರು ಸಂಜೆ ಒಂದೊಂದು ತಾಸು ಅವಳ ಪಕ್ಕ ಕೂರಿಸಿ, ಅಷ್ಟು ಸಣ್ಣ ನೆರವು ದೊಡ್ಡ ಬ್ಯಾಚಿಗಿಂತ ಮೇಲು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲೂ ಅಂಕ ಅಲುಗದಿದ್ದರೆ ಆಗ ಟ್ಯೂಷನ್ ವಿಚಾರ ಮಾಡಿ.

ನಿದ್ದೆ ಎಂಟು ತಾಸು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓದಿಸುವುದು ನಮ್ಮಲ್ಲಿ ರೂಢಿ, ಎಬ್ಬಿಸುವುದಾದರೆ ರಾತ್ರಿ ಎಂಟಕ್ಕೇ ಮಲಗಿಸಬೇಕು. ಹತ್ತಕ್ಕೆ ಮಲಗುವ ಹುಡುಗಿ ಆರಕ್ಕೆ ಏಳಲಿ, ತೊಂದರೆಯಿಲ್ಲ. ಊಟಕ್ಕೆ ವಿಶೇಷವೇನೂ ಬೇಡ: ರೊಟ್ಟಿ, ಬೇಳೆ, ಪುಂಡಿಪಲ್ಯ, ಮೊಸರು, ಶೇಂಗಾ ಹಿಂಡಿ, ಆದಾಗ ಮೊಟ್ಟೆ. ಬೆಳಿಗ್ಗೆ ಬರೀ ಚಹಾ ಕುಡಿದು ಹೋಗುವುದು ಬೇಡ. ಈ ವಯಸ್ಸಿನ ಹುಡುಗಿಯರಲ್ಲಿ ರಕ್ತಹೀನತೆ ಬಹಳ. ಓದಲು ಕೂತರೆ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು ಕಂಡರೆ ಸೋಮಾರಿತನ ಎನ್ನುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆಯನ್ನು ಊಟವಾದ ಮೇಲೆ ನುಂಗಲಿ. ಅದರ ಹಿಂದೆಯೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಒಂದು ಸಣ್ಣ ಕೆಲಸ, ಆದರೆ ಈಗಲೇ ಆಗಬೇಕಾದ್ದು. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಶಾಲೆಯವರು ತೋರಿಸುವ ಪಟ್ಟಿಯಲ್ಲಿ ಮಗಳ ಹೆಸರು, ತಂದೆ-ತಾಯಿಯ ಹೆಸರು, ಹುಟ್ಟಿದ ದಿನಾಂಕ, ಜಾತಿ ಒಂದೊಂದೇ ಅಕ್ಷರ ನೋಡಿ. ಆಧಾರ್ ಕಾರ್ಡಿಗೂ ಅದಕ್ಕೂ ಹೊಂದಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಾಳಿನುದ್ದಕ್ಕೂ ಹುಟ್ಟಿದ ದಿನಾಂಕದ ದಾಖಲೆ, ಅಚ್ಚಾದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಓಡಾಟ.

ಪರೀಕ್ಷೆ ಬರುವಾಗ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತಿರುತ್ತದೆ. ಓದು ಬೆಳಗಿನ ತಂಪಿನಲ್ಲಿ, ಸಂಜೆ ಐದರ ಮೇಲೆ. ಮಧ್ಯಾಹ್ನ ಮಲಗಲಿ. ಕರೆಂಟ್ ಹೋದರೆ ಇರಲಿ ಎಂದು ಒಂದು ಚಾರ್ಜರ್ ಲೈಟ್ ತಂದಿಡಿ. ಪರೀಕ್ಷಾ ಕೇಂದ್ರ ಬೇರೆ ಊರಲ್ಲಿದ್ದರೆ ಹಿಂದಿನ ದಿನವೇ ಒಮ್ಮೆ ಹೋಗಿ ನೋಡಿ ಬನ್ನಿ, ಮೊದಲ ಬಸ್ಸು ತಪ್ಪಿದರೆ ಮುಂದೇನು ಎಂಬುದೂ ಗೊತ್ತಿರಲಿ. ಹಾಲ್ ಟಿಕೆಟ್ಟಿನ ಜೆರಾಕ್ಸ್ ಮನೆಯಲ್ಲಿರಲಿ. ಎರಡು ನೀಲಿ ಪೆನ್ನು, ಪೆನ್ಸಿಲ್, ಸ್ಕೇಲ್, ನೀರಿನ ಬಾಟಲಿ ಹಿಂದಿನ ರಾತ್ರಿಯೇ ಚೀಲಕ್ಕೆ. ಮುಟ್ಟಿನ ದಿನ ಹತ್ತಿರವಿದ್ದರೆ ಪ್ಯಾಡ್ ಕೂಡ. ಹೊಟ್ಟೆನೋವು ಜೋರಿರುವವಳಾದರೆ ಯಾವ ಗುಳಿಗೆ ಎಂದು ತಿಂಗಳು ಮೊದಲೇ ಡಾಕ್ಟರನ್ನು ಕೇಳಿಡಿ, ಪರೀಕ್ಷೆಯ ದಿನ ಹೊಸ ಔಷಧ ಬೇಡ. ಆ ದಿನಗಳಲ್ಲಿ ಹೊರಗಿನ ಮಿರ್ಚಿ, ಬಜ್ಜಿ, ಜಾತ್ರೆಯೂಟ ತಪ್ಪಿಸಿ. ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ 15 ನಿಮಿಷದಲ್ಲಿ ಖಚಿತವಾಗಿ ಬರುವ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಆರಿಸಿಕೊಂಡು ಅವನ್ನೇ ಮೊದಲು ಬರೆಯುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಬರೆದು ಬಂದ ಮೇಲೆ ‘ಎಷ್ಟು ಬರಬಹುದು?’ ಎಂದು ಲೆಕ್ಕ ಹಾಕಿಸಬೇಡಿ. ಊಟ ಹಾಕಿ, ಮಲಗಿಸಿ, ಸಂಜೆ ಮುಂದಿನ ವಿಷಯ.

ಪಾಸಾಗುವ ಲೆಕ್ಕವೂ ನಿಮಗೆ ತಿಳಿದಿರಲಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625. 2025-26ನೇ ಸಾಲಿಗೆ ಸರಕಾರ ಪ್ರಕಟಿಸಿದ ನಿಯಮದಂತೆ ಒಟ್ಟು 206 ಅಂಕ, ಅಂದರೆ ಶೇ 33 ಬೇಕು. ಜೊತೆಗೆ ಪ್ರತಿ ವಿಷಯದಲ್ಲಿ ಲಿಖಿತ ಮತ್ತು ಆಂತರಿಕ ಅಂಕ ಸೇರಿ ಕನಿಷ್ಠ ಶೇ 30. ನಿಮ್ಮ ಮಗಳ ಸಾಲಿಗೆ ಏನು ನಿಯಮ ಎಂದು ಮುಖ್ಯೋಪಾಧ್ಯಾಯರನ್ನು ಒಮ್ಮೆ ಕೇಳಿಕೊಳ್ಳಿ. ಆಂತರಿಕ 20 ಅಂಕ ಶಾಲೆಯ ಚಟುವಟಿಕೆ, ಕಿರುಪರೀಕ್ಷೆಗಳಿಂದ ಬರುವುದರಿಂದ ಒಂದನ್ನೂ ಒಪ್ಪಿಸದೆ ಬಿಡಬಾರದು. ಹಾಗೆಂದು ಗಡಿ ಮುಟ್ಟಿದರೆ ಸಾಕು ಎಂದು ಓದಿಸಬೇಡಿ. ಗಣಿತದಲ್ಲಿ 80ಕ್ಕೆ 35ರ ಗುರಿ ಇಟ್ಟುಕೊಂಡರೆ ಆ ದಿನ ಎರಡು ಪ್ರಶ್ನೆ ಕೈಬಿಟ್ಟರೂ ದಡ ಸೇರುತ್ತಾಳೆ.

2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪದ್ಧತಿ ಬಂದಿದೆ. ಅವುಗಳಲ್ಲಿ ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಯುತ್ತದೆ. ಇದನ್ನು ಮಗಳಿಗೆ ಈಗಲೇ ಹೇಳಿ, ಅವರಪ್ಪನಿಗೂ ಹೇಳಿ. ಪರೀಕ್ಷೆ-1ರಲ್ಲಿ ಗಣಿತ ಹೋದರೆ ಫಲಿತಾಂಶ ಬಂದ ವಾರದೊಳಗೇ ಶಾಲೆಗೆ ಹೋಗಿ ಪರೀಕ್ಷೆ-2ಕ್ಕೆ ನೋಂದಾಯಿಸಿ, ದಿನಗಳು ಬಹಳ ಕಡಿಮೆ ಇರುತ್ತವೆ. ಅಂಕ ಅನುಮಾನ ಎನಿಸಿದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಬಹುದು, ಅದನ್ನು ಮೇಷ್ಟ್ರಿಗೆ ತೋರಿಸಿ ಅವರು ಹೇಳಿದರೆ ಮಾತ್ರ ಮರುಮೌಲ್ಯಮಾಪನಕ್ಕೆ ಹೋಗಿ. ಸ್ಕ್ಯಾನ್ ಪ್ರತಿಗೆ ಕಾಯುತ್ತ ಪರೀಕ್ಷೆ-2ರ ನೋಂದಣಿ ತಪ್ಪಿಸಿಕೊಳ್ಳಬೇಡಿ. ಪಾಸಾದರೆ ಪಿಯುಸಿ, ಪಾಲಿಟೆಕ್ನಿಕ್, ಐಟಿಐ ಮೂರೂ ದಾರಿ ತೆರೆದಿವೆ. ಪ್ರವೇಶದ ಹೊತ್ತಿಗೆ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ 371(ಜೆ) ಅರ್ಹತಾ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಮೊದಲನೆಯದನ್ನು ಉಪವಿಭಾಗಾಧಿಕಾರಿಗಳು ಕೊಡುತ್ತಾರೆ, ಎರಡನೆಯದು ನಾಡಕಚೇರಿಯಲ್ಲಿ. ಫಲಿತಾಂಶದ ದಿನಗಳಲ್ಲಿ ಅಲ್ಲಿ ನೂಕುನುಗ್ಗಲು, ಆದ್ದರಿಂದ ಪರೀಕ್ಷೆ ಮುಗಿದ ಮರುವಾರವೇ ಅರ್ಜಿ ಹಾಕಿಬಿಡಿ.